ಪಾರ್ಲೆಯ ಪುಕ್ಕಟೆ ಆಫೀಸು

ನಮ್ಮ ಮನೆ ಮುಂಬೈಯ ವಿಲೆ ಪಾರ್ಲೆಯಲ್ಲಿ, ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರ. ಧಾರವಾಡ, ಬೆಳಗಾವಿ, ವಿಜಯಪುರದ ನಮ್ಮ ಬಳಗದಲ್ಲಿ ಯಾರೇ ದೂರದ ವಿಮಾನ ಹತ್ತಲಿ, ಮೊದಲು ನಮ್ಮ ಬಿಲ್ಡಿಂಗಿನ ಎರಡು ಮಹಡಿಗಳನ್ನು ಹತ್ತಲೇಬೇಕು. ಲಿಫ್ಟ್ ಇಲ್ಲ. ಮಗಳ ಬಾಣಂತನಕ್ಕೆ ಪರದೇಶಕ್ಕೆ ಹೊರಟವರು, ಯಾತ್ರೆಗೆ ಹೊರಟವರು, ಹೊರಟವರನ್ನು ಕಳಿಸಲು ಬಂದವರು, ಎಲ್ಲರೂ ನಮ್ಮ ಹಾಲ್‌ನಲ್ಲಿ ಸೂಟ್‌ಕೇಸ್ ಬಿಚ್ಚಿ, ತೂಕ ಹೆಚ್ಚಾದ ಶೇಂಗಾ ಚಟ್ನಿ ಪುಡಿಯನ್ನು ನಮ್ಮ ಅಡುಗೆಮನೆಗೆ ದಾನ ಮಾಡಿ ಹೋಗುವವರೇ. ಹೀಗಾಗಿ ನಮ್ಮ ಮನೆಯಲ್ಲಿ ಚಟ್ನಿ ಪುಡಿಗೆ ಎಂದೂ ಬರವಿಲ್ಲ.

ಬರುವವರನ್ನು ಎಲ್ಲರಿಗಿಂತ ಮೊದಲು ಕಾಣುವವರು ನಮ್ಮತ್ತೆ. ಮಂಡಿನೋವಿನಿಂದಾಗಿ ಅವರು ಕೆಳಗಿಳಿಯುವುದು ದವಾಖಾನೆಗೆ ಹೋಗುವಾಗ ಮಾತ್ರ, ಅದೂ ಗೋಡೆ ಹಿಡಿದುಕೊಂಡು. ಉಳಿದಂತೆ ಗ್ಯಾಲರಿಯ, ಅಂದರೆ ಬಾಲ್ಕನಿಯ, ಕುರ್ಚಿಯಲ್ಲಿ ಕೂತು ಗೇಟನ್ನು ಕಾಯುತ್ತಾರೆ. ಆಟೋದಿಂದ ದೊಡ್ಡ ಸೂಟ್‌ಕೇಸ್ ಇಳಿಯಿತೆಂದರೆ "ಬಂದ್ರು ನೋಡು" ಎಂದು ಅಲ್ಲಿಂದಲೇ ಕೂಗುತ್ತಾರೆ. ಆ ಕೂಗಿನಲ್ಲಿರುವ ಸಂಭ್ರಮ ಹಬ್ಬದ ದಿನವೂ ಇರುವುದಿಲ್ಲ. ಪಾಪ, ಅವರ ಕಷ್ಟ ನನಗೂ ಗೊತ್ತು. ಮೊಮ್ಮಗಳು ಅವರ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮಗ ಬೆಳಗಿನ ಲೋಕಲ್ ರೈಲು ಹಿಡಿದು ಹೋದರೆ ರಾತ್ರಿಯೇ ಬರುವುದು. ಮನಸ್ಸು ಬಿಚ್ಚಿ ಮಾತಾಡಲು ಬಾಯಿಗೆ ಊರಿನವರೇ ಬೇಕು.

ಅವರ ಮಂಡಿಯ ಸಲುವಾಗಿಯೇ ನಾನು ಪವಾಯಿಯ ಆಫೀಸು ಬಿಟ್ಟು ಮನೆಯಿಂದಲೇ ಮಾಡುವ ಕೆಲಸ ಹುಡುಕಿಕೊಂಡದ್ದು. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಕೂತು, ಸಣ್ಣ ಅಂಗಡಿಗಳವರಿಗೆ ವ್ಯಾಪಾರದ ಸಲಹೆ ಕೊಡುವ ಒಬ್ಬ ಮೇಡಂ ಇದ್ದಾರೆ. ಅವರ ಮೇಲ್‌ಗಳಿಗೆ ಉತ್ತರ ಬರೆಯುವುದು, ಭೇಟಿಗಳನ್ನು ಹೊಂದಿಸುವುದು, ಮಾತುಕತೆಯ ಟಿಪ್ಪಣಿ ತೆಗೆಯುವುದು, ಅವರ ಪಾಠಗಳಿಗೆ ಚೆಂದದ ಚಿತ್ರ ಹೊಂದಿಸುವುದು ನನ್ನ ಕೆಲಸ. ಮಧ್ಯಾಹ್ನ ಎರಡು ಗಂಟೆಗೆ ಅವರ ಊರಲ್ಲಿ ಬೆಳಕಾಗುತ್ತದೆ, ನನ್ನ ಆಫೀಸು ತೆರೆಯುತ್ತದೆ. ಆಫೀಸು ಎಂದರೆ ಬೆಡ್‌ರೂಮಿನ ಇಸ್ತ್ರಿ ಟೇಬಲ್ಲು.

ಆ ಟೇಬಲ್ಲೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ ನಾನು. ಇಂಟರ್ನೆಟ್ಟಿನಲ್ಲಿ ಇಂಥ ಜನಕ್ಕೆ ಸದಾ ಸುಗ್ಗಿ. ಕ್ಯಾಲೆಂಡರ್ ಪುಕ್ಕಟೆ. ಚಿತ್ರ ಹೊಂದಿಸುವ ತಾಣ ಪುಕ್ಕಟೆ. ಫೈಲುಗಳನ್ನು ಕತ್ತರಿಸಿ ಜೋಡಿಸುವುದು ಪುಕ್ಕಟೆ. ವಿಡಿಯೋ ಕರೆಯೂ ಪುಕ್ಕಟೆ, ಆದರೆ ಮುಕ್ಕಾಲು ಗಂಟೆ ತುಂಬುವ ಮೊದಲೇ ಮುಖಕ್ಕೆ ಬಾಗಿಲು ಹಾಕುತ್ತದೆ. ಚಹಾ ಆಯಿತೇ, ಊಟ ಆಯಿತೇ, ಮಳೆ ಹೇಗಿದೆ ಎಂದು ಕೇಳುವಷ್ಟರಲ್ಲೇ ಅಷ್ಟು ಹೊತ್ತು ಕಳೆಯುವ ನಮ್ಮವರನ್ನು ನೋಡಿ ಮಾಡಿದ ನಿಯಮವಲ್ಲ ಅದು. ಇನ್ನೊಂದು ತಂತ್ರಾಂಶವಿದೆ, ನನಗೆ ಅಚ್ಚುಮೆಚ್ಚಿನದು. ಕರೆಯಲ್ಲಿ ನಮ್ಮ ಮಾತು ಬಿಟ್ಟು ಹಿಂದಿನ ಸದ್ದನ್ನೆಲ್ಲ ಅಳಿಸಿಹಾಕುತ್ತದೆ. ನಮ್ಮ ತಲೆಯ ಮೇಲೆ ಹಾರುವ ವಿಮಾನವನ್ನು ನುಂಗುತ್ತದೆ, ಕುಕ್ಕರಿನ ಸೀಟಿ ನುಂಗುತ್ತದೆ. ಅದಕ್ಕೆ ನುಂಗಲಾಗದ್ದು ಒಂದೇ, ಧಾರವಾಡದವರ ಮಾತು. ಮನುಷ್ಯರ ದನಿ ಎಂದರೆ ಬೇಕಾದದ್ದೇ ಎಂದು ನಂಬಿ ಒಳಗೆ ಬಿಟ್ಟುಬಿಡುತ್ತದೆ.

ಮೇಡಂ ನನ್ನನ್ನು ಮೂರು ತಿಂಗಳ ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದರು. ಪಾಸಾದರೆ ಖಾಯಂ. ಇಲ್ಲವಾದರೆ ಮತ್ತೆ ಪವಾಯಿ, ಮತ್ತೆ ಬೆಳಗಿನಿಂದ ರಾತ್ರಿಯವರೆಗೆ ಬಸ್ಸು, ಆಟೋ, ಟ್ರಾಫಿಕ್ಕು, ಮನೆಯಲ್ಲಿ ಅತ್ತೆ ಒಬ್ಬರೇ. ಹಳೆಯ ಆಫೀಸಿನವರು ಬಾಗಿಲು ತೆರೆದೇ ಇಟ್ಟಿದ್ದರು, ನನಗೇ ಆ ಬಾಗಿಲು ಬೇಡವಾಗಿತ್ತು.

ಆದರೆ ಮನೆಯಲ್ಲಿ ಇರುವವಳು ಕೆಲಸದಲ್ಲಿದ್ದಾಳೆ ಎಂದು ನಮ್ಮ ಬಳಗಕ್ಕೆ ತಿಳಿಸುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. "ಆಕಿ ಮನ್ಯಾಗ ಇರ್ತಾಳ, ಯಾವಾಗ ಬೇಕಾದ್ರೂ ಹೋಗ್ರಿ" ಎಂದು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ನಾನು ಮೇಡಂ ಜೊತೆ ಗಂಭೀರವಾಗಿ ಮಾತಾಡುತ್ತಿರುವಾಗ ಹಿಂದಿನಿಂದ "ತಂಗೀ, ಸಂಡಾಸ ಎಲ್ಲೈತಿ?" ಎಂಬ ದನಿ ಬರುತ್ತಿತ್ತು. ಮೇಡಂಗೆ ಅರ್ಥವಾಗುತ್ತಿರಲಿಲ್ಲ ಎನ್ನುವುದೊಂದೇ ಸಮಾಧಾನ.

ಒಂದು ದಿನ ನನಗೊಂದು ಉಪಾಯ ಹೊಳೆಯಿತು. ಮೇಡಂನ ಗಿರಾಕಿಗಳು ಭೇಟಿಯ ಸಮಯವನ್ನು ತಾವೇ ಆರಿಸಿಕೊಳ್ಳಲಿ ಎಂದು ನಾನು ಒಂದು ಪುಕ್ಕಟೆ ಪುಟ ಮಾಡಿದ್ದೆ. ಲಿಂಕ್ ಒತ್ತಿದರೆ ಖಾಲಿ ಇರುವ ಸಮಯ ಕಾಣುತ್ತದೆ, ಬೇಕಾದ್ದು ಹಿಡಿದುಕೊಳ್ಳಬಹುದು. ನೆಂಟರಿಗೂ ಅಂಥದ್ದೇ ಒಂದು ಮಾಡಿದರೆ? ಒಂದು ಖಾತೆಗೆ ಒಂದೇ ಪುಟ ಪುಕ್ಕಟೆ, ಎರಡನೆಯದಕ್ಕೆ ದುಡ್ಡು ಎಂದಿತು ತಾಣ. ದುಡ್ಡು ಕೊಡುವ ಜಾಯಮಾನ ನಮ್ಮದಲ್ಲ. ಅತ್ತೆಯ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ಬೆಳಗಿನ ಹೊತ್ತು ಮತ್ತು ಸಂಜೆ ಏಳರ ನಂತರದ ಹೊತ್ತನ್ನು ನೆಂಟರಿಗಾಗಿ ತೆರೆದಿಟ್ಟೆ.

ಅತ್ತೆಗೆ ಹೇಳಿದಾಗ ಅವರ ಮುಖ ಕೆಂಪಾಯಿತು.

"ನಮ್ಮನಿಗೆ ಬರೋರು ಅಪಾಯಿಂಟ್ಮೆಂಟ್ ತಗೊಂಡು ಬರಬೇಕಾ? ಇದೇನ್ ದವಾಖಾನಿನಾ? ಬಾಗಲಕ್ಕ ಬಂದೋರಿಗೆ ನೀರ್ ಕೊಡದ ಕಳಿಸಿದ ಮನಿ ಅಲ್ಲ ಇದು."

"ನೀರ್ ಕೊಡೂನ್ರಿ ಅತ್ತೆವ್ವಾ, ಚಾನೂ ಕೊಡೂನು. ಯಾವಾಗ ಬರ್ತಾರಂತ ಗೊತ್ತಾದ್ರ ಇನ್ನಾ ಚೊಲೋ ಅಲ್ರೀ?"

ಅವರು ಗ್ಯಾಲರಿಗೆ ಹೋಗಿ, ನನಗೆ ಬೆನ್ನು ಮಾಡಿ ಕೂತರು. ಆ ಬೆನ್ನನ್ನು ನೋಡುತ್ತ, ಸಿಟ್ಟಿನ ಭರದಲ್ಲೇ ನಾನು ಬಳಗದ ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿದೆ. ಎರಡೂ ಪುಟಗಳು ಅಕ್ಕಪಕ್ಕ ತೆರೆದಿದ್ದವು. ಕಳಿಸಿದ್ದು ಮೇಡಂನ ಪುಟ.

ನಮ್ಮವರು ಎಂದೂ ಬುಕ್ ಮಾಡಿ ಬರುವುದಿಲ್ಲ ಎಂದುಕೊಂಡಿದ್ದೆ. ಅವರ ಉತ್ಸಾಹದ ಅಂದಾಜೇ ನನಗಿರಲಿಲ್ಲ. ಪ್ರಯಾಣ ಇದ್ದವರು ಹಿಡಿದರು, ಇಲ್ಲದವರೂ "ಏನಾಗ್ತೈತಿ ನೋಡೂನು" ಎಂದು ಹಿಡಿದರು. ಭೇಟಿಯ ಉದ್ದೇಶ ಎಂಬಲ್ಲಿ ಒಬ್ಬರು "ಪಿತ್ತಕೋಶದ ಕಲ್ಲು" ಎಂದು ಬರೆದರು, ಒಬ್ಬರು "ಸುಮ್ಮನೆ". ವಾರದ ಸಮಯವೆಲ್ಲ ಭರ್ತಿ, ನಾನು ಆ ದಿನ ಪುಟ ತೆರೆದು ನೋಡಿರಲೇ ಇಲ್ಲ. ಮೇಲಾಗಿ ಪ್ರತಿಯೊಬ್ಬರಿಗೂ ಮೇಡಂನ ಹೆಸರಿನಲ್ಲಿ ತಾನಾಗಿಯೇ ಒಂದು ಇಂಗ್ಲಿಷ್ ಮೇಲ್ ಹೋಯಿತು, ನಿಮ್ಮ ವ್ಯಾಪಾರದ ಬಗ್ಗೆ ಮಾತಾಡಲು ಕಾತರಳಾಗಿದ್ದೇನೆ ಎಂದು.

ವಿಜಯಪುರದ ನಮ್ಮ ಚಿಕ್ಕಪ್ಪನದು ಒಣದ್ರಾಕ್ಷಿ ವ್ಯಾಪಾರ. ಇಂಗ್ಲೆಂಡಿನ ಹೆಣ್ಣುಮಗಳೊಬ್ಬಳು ತನ್ನ ವ್ಯಾಪಾರದ ಬಗ್ಗೆ ಮಾತಾಡಲು ಕಾತರಳಾಗಿದ್ದಾಳೆ ಎಂದರೆ ಯಾರು ಬಿಟ್ಟಾರು? ಮರುದಿನ ಹೊಸ ಗಿರಾಕಿಯ ಕರೆ ಎಂದು ನಾನೂ ಮೇಡಮ್ಮೂ ಕಾಯುತ್ತ ಕೂತಿದ್ದೇವೆ, ಪರದೆ ತೆರೆದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಮುಂದೆ ದ್ರಾಕ್ಷಿಯ ತಟ್ಟೆ ಇಟ್ಟುಕೊಂಡು ಚಿಕ್ಕಪ್ಪ! ಹಿಂದೆ ಚಿಕ್ಕಮ್ಮ ಮತ್ತು ಇಡೀ ಓಣಿ.

"ನಮಸ್ಕಾರ್ರೀ ಮೇಡಂ. ಚಾ ಆತೇನ್ರಿ?" ಎಂದರು. ಮೂಲೆಯಲ್ಲಿ ನನ್ನ ಮುಖ ಕಂಡಿದ್ದೇ ತಡ, "ಅಯ್ಯ, ನೀನೂ ಇದ್ದೀ? ಚೊಲೋ ಆತು. ಇವ್ರಿಗೆ ಹೇಳು, ನಮ್ಮ ಮಾಲಿಗೆ ಬಣ್ಣ ಬರಲಿ ಅಂತ ಗಂಧಕದ ಹೊಗಿ ಹಾಕಂಗಿಲ್ಲ ಅಂತ!"

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಮೇಡಂ ಸಭ್ಯರು. ದ್ರಾಕ್ಷಿ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ ಕರೆ ಮುಗಿಸಿದರು. ಆಮೇಲೆ ನನಗೊಂದು ಮೇಲ್ ಬಂತು. ನಿಜವಾದ ಗಿರಾಕಿಯೊಬ್ಬರು ಸಮಯ ಸಿಗದೆ ಬೇರೆಯವರ ಬಳಿ ಹೋದರಂತೆ. ಶುಕ್ರವಾರ ನಾಲ್ಕು ಗಂಟೆಗೆ ನಿಮ್ಮ ಮುಂದಿನ ಕೆಲಸದ ಬಗ್ಗೆ ಮಾತಾಡೋಣ ಎಂದಿದ್ದರು. ನಗುವಿನ ಚಿಹ್ನೆ ಇಲ್ಲದ ಮೊದಲ ಮೇಲ್ ಅದು.

ನೆಂಟರ ಸಮಯಗಳನ್ನೆಲ್ಲ ರದ್ದು ಮಾಡಿ, ಲಿಂಕ್ ಕಿತ್ತುಹಾಕಿ, ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಏನಾತವಾ?"

ಹೇಳಿದೆ. ಚಿಕ್ಕಪ್ಪನ ದ್ರಾಕ್ಷಿ ತಟ್ಟೆಯನ್ನೂ, ಶುಕ್ರವಾರ ನಾಲ್ಕರ ಕರೆಯನ್ನೂ ಬಿಡದೆ ಹೇಳಿದೆ. ಅವರು ನಗಲಿಲ್ಲ.

"ಕೆಲಸಾ ಹೊಕ್ಕೈತೇನು?"

"ಹೋದ್ರ ಹೋತ್ರಿ. ಪವಾಯಿ ಐತಲ್ಲ."

ಅವರು ತಿರುಗಿ ಗ್ಯಾಲರಿಗೆ ಹೋದರು. ಇನ್ನೂ ಸಿಟ್ಟಿನಲ್ಲಿದ್ದಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಸಿಟ್ಟಿತ್ತು. ಯಾರ ಮಂಡಿಗಾಗಿ ಈ ಇಸ್ತ್ರಿ ಟೇಬಲ್ಲಿನ ಮುಂದೆ ಕೂತಿದ್ದೇನೋ ಅವರೇ ಇದನ್ನು ಕೆಲಸ ಎಂದು ಒಪ್ಪುವುದಿಲ್ಲವಲ್ಲ ಎಂಬ ಸಿಟ್ಟು.

ಶುಕ್ರವಾರ ನಾಲ್ಕಕ್ಕೆ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಕೂತೆ. ಸದ್ದು ನುಂಗುವ ತಂತ್ರಾಂಶ ಹಚ್ಚಿದೆ. ಅಂದು ಅದು ತನ್ನ ಜನ್ಮ ಸಾರ್ಥಕವಾಗುವ ಹಾಗೆ ಕೆಲಸ ಮಾಡಿತು. ಬೆಲ್ ಇಲ್ಲ, ಪಾತ್ರೆಯ ಸದ್ದಿಲ್ಲ, "ತಂಗೀ" ಎಂಬ ಕೂಗಿಲ್ಲ. ವಿಮಾನಗಳು ಎಂದಿನಂತೆ ಹಾರಿದವು, ಮೇಡಂಗೆ ಒಂದೂ ಕೇಳಿಸಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮುಂದೆ ಹೀಗಾಗದಂತೆ ಮನೆಗೊಂದು, ಕೆಲಸಕ್ಕೊಂದು ಎಂದು ಬ್ರೌಸರನ್ನೇ ಬೇರೆ ಮಾಡಿದ್ದೇನೆ ಎಂದು ತೋರಿಸಿದೆ. ಅವರು ಒಂದೊಂದಾಗಿ ಕೇಳಿದರು, ನಾನು ಒಂದೊಂದಾಗಿ ಉತ್ತರ ಕೊಟ್ಟೆ. ಕೊನೆಗೆ ಅವರು, ಮೂರು ತಿಂಗಳ ಕೆಲಸದಲ್ಲಿ ಇದೊಂದು ಬಿಟ್ಟರೆ ಹೆಸರಿಡುವಂಥದ್ದು ಏನೂ ಇಲ್ಲ, ಮುಂದುವರಿಯೋಣ ಎಂದರು. ಪುಕ್ಕಟೆ ಕರೆ ಬಾಗಿಲು ಹಾಕುವ ಮೊದಲೇ ನಾವೇ ಮುಗಿಸಿದೆವು.

ಕುಣಿಯುತ್ತ ಹೊರಗೆ ಬಂದೆ. ಹಾಲ್ ಖಾಲಿ. ಗ್ಯಾಲರಿಯ ಕುರ್ಚಿ ಖಾಲಿ. ಅಡುಗೆಮನೆಯ ಕಟ್ಟೆಯ ಮೇಲಿನ ಚಹಾದ ಥರ್ಮಾಸ್ ಇಲ್ಲ. ಗ್ಯಾಲರಿಯಿಂದ ಬಗ್ಗಿ ನೋಡಿದೆ.

ಕೆಳಗೆ ಕಂಪೌಂಡಿನಲ್ಲಿ, ವಾಚ್‌ಮನ್ನನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಧಾರವಾಡದ ನನ್ನಣ್ಣ! ಕಾಲ ಬಳಿ ಸೂಟ್‌ಕೇಸು. ನಡುವೆ ಥರ್ಮಾಸು ಮತ್ತು ಬಿಚ್ಚಿದ ರೊಟ್ಟಿಯ ಗಂಟು. ತವರಿನವರು ಹೇಳಿ ಬರುತ್ತಾರೆಯೇ? ಅವನು ಯಾವ ಲಿಂಕನ್ನೂ ಒತ್ತದೆ ಸೀದಾ ಬಂದಿದ್ದ. ಅತ್ತೆ ಮೇಲಿನಿಂದ ಆಟೋ ನೋಡಿದ್ದಾರೆ. ಕೂಗಲಿಲ್ಲ. ಥರ್ಮಾಸ್ ಹಿಡಿದು, ಗೋಡೆಗೆ ಕೈ ಕೊಟ್ಟು, ಎರಡು ಮಹಡಿ ಇಳಿದು ಬಂದು ಅವನನ್ನು ಗೇಟಿನಲ್ಲೇ ತಡೆದಿದ್ದಾರೆ. ಬಾಗಿಲಿಗೆ ಬಂದವರನ್ನು ನೀರು ಕೊಡದೆ ಕಳಿಸದವರು ಸೊಸೆಯ ಅಣ್ಣನನ್ನು ಗೇಟಿನ ಬೆಂಚಿನ ಮೇಲೆ ಕೂರಿಸಿದ್ದಾರೆ. ಸದ್ದು ತಡೆದದ್ದು ಇವರು, ನಾನು ನನ್ನ ಪುಕ್ಕಟೆ ತಂತ್ರಾಂಶವನ್ನು ಅಷ್ಟು ಹೊಗಳಿದ್ದೆನಲ್ಲ!

ನನಗೆ ಅಳು ಬಂದುಬಿಟ್ಟಿತು. ಒರೆಸಿಕೊಳ್ಳುತ್ತ ಕೆಳಗೆ ಓಡಿದೆ.

"ಏನವಾ, ಆಫೀಸ್ ಬಿಡ್ತೇನು?" ಅಣ್ಣ ರೊಟ್ಟಿ ಅಗಿಯುತ್ತ ಕೇಳಿದ. "ನಿಮ್ಮತ್ತಿ ನನ್ನ ಒಳಗ ಬಿಡವಲ್ರು ನೋಡು. ಆಫೀಸ್ ನಡದೈತಿ, ಇಲ್ಲೇ ಕುಂದರು ಅಂದ್ರು."

ಆಫೀಸು ಎಂಬ ಮಾತು ಅತ್ತೆಯ ಬಾಯಿಂದ ಬಂದದ್ದು ಅದೇ ಮೊದಲು. ಅವರು ಮಂಡಿ ಒತ್ತಿಕೊಳ್ಳುತ್ತ ನನ್ನ ಮುಖ ನೋಡಿದರು. ಅದರಲ್ಲಿ ತಮಾಷೆ ಇರಲಿಲ್ಲ.

"ಈಗ ಮ್ಯಾಲೆ ಬರಬೌದೇನವಾ?"

ತಮ್ಮದೇ ಮನೆಗೆ ಹತ್ತಲು ನನ್ನನ್ನು ಕೇಳುತ್ತಿದ್ದರು. ಕೈ ಹಿಡಿದು ಎಬ್ಬಿಸಿದೆ. ಅಣ್ಣ ಸೂಟ್‌ಕೇಸ್ ಹೊತ್ತು ಮುಂದೆ ಹೋದ. ನಾವಿಬ್ಬರೂ ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆವು. ಮೊದಲ ಮಹಡಿಯಲ್ಲಿ ಅವರು ಉಸಿರು ತೆಗೆದುಕೊಂಡರು.

"ಏನಂದ್ಲು ಆಕಿ?"

"ಖಾಯಂ ಅಂದ್ಲ್ರಿ."

ಅವರ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು.

"ಹಂಗಾರ ನೀ ಪವಾಯಿಗೆ ಹೋಗಂಗಿಲ್ಲ" ಎಂದರು, ಮತ್ತೆ ಹತ್ತತೊಡಗಿದರು.