ಹೆಸರು ಹೇಳಬಾರದ ಸೊಪ್ಪು

ಅಮ್ಮನ ಕಾಲು ಊದಿಕೊಳ್ಳಲು ಶುರುವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ, ನಾನು ಗುಬ್ಬಿಯಿಂದ ತುಮಕೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎಸ್ಸಿ. ಓದುತ್ತಿದ್ದಾಗ. ಬೆರಳಿಟ್ಟು ಒತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತಿತ್ತು. ಡಾಕ್ಟರು ಕಿಡ್ನಿ ಅಂದರು, ಉಪ್ಪು ಬಿಡಿ ಅಂದರು, ಮಾತ್ರೆ ಬರೆದುಕೊಟ್ಟರು. ಅಮ್ಮ ಮಾತ್ರೆ ನುಂಗುತ್ತಿದ್ದಳು. ಆದರೆ ಅವಳು ಕಾಯುತ್ತಿದ್ದದ್ದು ಭಾನುವಾರಕ್ಕೆ.

ಭಾನುವಾರ ದೊಡ್ಡಮ್ಮ ಬರುತ್ತಿದ್ದಳು. ಅಮ್ಮನಿಗೆ ಅವಳೊಬ್ಬಳೇ ಅಕ್ಕ. ಕುಣಿಗಲ್ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಬೆಳಕು ಹರಿಯುವ ಮುಂಚೆ, ಯಾರ ಹತ್ತಿರವೂ ತುಟಿ ಬಿಚ್ಚದೆ, ಹೊಲದ ಬದುವಿನಲ್ಲಿ ಒಂದು ಗಿಡವನ್ನು ಬೇರುಸಹಿತ ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೊರಡುತ್ತಿದ್ದಳು. ಹೆಬ್ಬೂರು ದಾಟಿ, ತುಮಕೂರಿನಲ್ಲಿ ಬಸ್ಸು ಬದಲಿಸಿ, ನಮ್ಮನೆಗೆ ಬಂದು, ಅಡುಗೆಮನೆ ಬಾಗಿಲು ಹಾಕಿಕೊಂಡು ಅರೆದು ರಸ ಕುಡಿಸುವಳು. ಗಿಡದ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಹೆಸರು ಕಾಯಿಲೆಯವರ ಕಿವಿಗೆ ಬಿದ್ದರೆ ಮದ್ದು ನಾಟುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಕುಡಿಸಿದ ಮೇಲೆ ಅಕ್ಕತಂಗಿಯರು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತರೆ ಸಂಜೆ ಬಸ್ಸಿನವರೆಗೂ ಏಳುತ್ತಿರಲಿಲ್ಲ. ವಾರದಲ್ಲಿ ಅಮ್ಮ ಬಾಯ್ತುಂಬ ನಗುತ್ತಿದ್ದದ್ದು ಅದೊಂದೇ ದಿನ.

ನಾನೋ, ಎರಡಕ್ಷರ ಕಲಿತ ಜಂಭದವಳು. ಒರಳಿನ ಪಕ್ಕ ಬಿದ್ದಿದ್ದ ಒಂದು ಎಳೆಕುಡಿಯನ್ನು ನೋಟ್ಸಿನೊಳಗಿಟ್ಟು ಕಾಲೇಜಿಗೆ ಒಯ್ದೆ. ಸಸ್ಯಶಾಸ್ತ್ರದ ಮೇಷ್ಟ್ರು ನೋಡಿದ ಕೂಡಲೇ ‘ಪುನರ್ನವ’ ಅಂದರು. ಪುನಃ ಅಂದರೆ ಮತ್ತೆ, ನವ ಅಂದರೆ ಹೊಸದು. ಬೇಸಿಗೆಯಲ್ಲಿ ಗಿಡ ಒಣಗಿ ನೆಲದ ಮೇಲೆ ಗುರುತೇ ಉಳಿಯುವುದಿಲ್ಲ, ಬೇರು ಮಾತ್ರ ಮಣ್ಣಿನೊಳಗೆ ಕಾದುಕೊಂಡಿದ್ದು ಮೊದಲ ಮಳೆಗೆ ಚಿಗುರುತ್ತದೆ, ಅದಕ್ಕೇ ಆ ಹೆಸರು ಅಂದರು. ಊತ ಇಳಿಸಿ ಮೈಯನ್ನೂ ಹೊಸದು ಮಾಡುತ್ತದೆ ಅಂತ ವೈದ್ಯರು ಮದ್ದಿಗೂ ಅದೇ ಹೆಸರು ಉಳಿಸಿಕೊಂಡರಂತೆ.

ಸಂಜೆ ಚಪ್ಪಲಿ ಬಿಡುವ ಮೊದಲೇ ಅಮ್ಮನ ಮುಂದೆ ಎಲ್ಲ ಒದರಿದೆ. ‘ಮತ್ತೆ ಹೊಸ್ದಾಗೋದಾ? ಎಷ್ಟು ಚೆಂದಾಗದೆ ಹೆಸ್ರು’ ಅಂದಳು ಅಮ್ಮ. ತನ್ನ ಕಾಲನ್ನೇ ನೋಡಿಕೊಂಡಳು.

ಮುಂದಿನ ಭಾನುವಾರ ತಡೆಯಲಾರದೆ ಅಕ್ಕನಿಗೇ ಹೇಳಿಬಿಟ್ಟಳು. ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಲೇ ಇಲ್ಲ. ನನ್ನ ಕಡೆ ತಿರುಗಿ, ‘ನೀನು ಓದಿದ್ದು ಸಾರ್ಥಕ ಆಯ್ತು ಬುಡು. ಇನ್ನು ಇದು ನಾಟಲ್ಲ, ನಾನ್ಯಾಕೆ ಹೊತ್ಕೊಂಡು ಬರ್ಲಿ?’ ಅಂದವಳು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಮೂರು ವಾರ ಬರಲಿಲ್ಲ.

ಹೆಸರು ಹೇಳಿದರೆ ಸೊಪ್ಪಿನ ರಸವೇನು ನೀರಾಗುತ್ತದಾ ಅಂತ ನಾನು ಮನೆಯಲ್ಲಿ ಹಾರಾಡಿದೆ. ಅಮ್ಮ ಸುಮ್ಮನೆ, ‘ಮದ್ದು ಹೋಗ್ಲಿ ಕಣೇ. ಅವ್ಳು ಬರಲ್ವಲ್ಲ’ ಅಂದಳು. ಆಗ ನನಗೆ ಹೊಳೆಯಿತು. ದನಕರು, ಮನೆಮಂದಿ ಎಲ್ಲ ಬಿಟ್ಟು ವಾರವಾರ ತಂಗಿ ಮನೆಗೆ ಹೋಗಲು ದೊಡ್ಡಮ್ಮನನ್ನು ಯಾರು ಬಿಡುತ್ತಾರೆ? ಆ ಸೊಪ್ಪಿನ ನೆಪವನ್ನೇ ನಾನು ಹಾಳುಮಾಡಿದ್ದೆ.

ನಾಲ್ಕನೆಯ ವಾರ ಅಮ್ಮನೇ ದಾರಿ ಕಂಡುಕೊಂಡಳು. ‘ಹೋಗಿ ಹೇಳು, ನಮ್ಮಮ್ಮ ಹೆಸ್ರು ಮರ್ತವ್ಳೆ ಅಂತ.’ ನಾನು ಹೋಗಿ ಹೇಳಿದೆ. ದೊಡ್ಡಮ್ಮ ನನ್ನ ಮುಖ ನೋಡಿ ‘ಹೌದಾ?’ ಅಂದಳು, ಅಷ್ಟೇ. ಭಾನುವಾರ ಬಂದಳು. ಗಂಟು ಬಿಚ್ಚುವ ಮುಂಚೆ, ‘ಇದೇನು ಅಂತ ಗೊತ್ತಾ?’ ಅಂತ ಕೇಳಿದಳು.

‘ಇಲ್ಲ ಕಣಕ್ಕ, ಎಷ್ಟು ನೆನುಸ್ಕೊಂಡ್ರೂ ಬರಲ್ಲ.’

ಎರಡು ವರ್ಷ ಹೀಗೇ ಪ್ರತಿ ಭಾನುವಾರ ನಡೆಯಿತು. ಕಿಡ್ನಿ ಮಾತ್ರೆಯ ಮಾತೂ ಕೇಳಲಿಲ್ಲ, ಸೊಪ್ಪಿನ ಮಾತೂ ಕೇಳಲಿಲ್ಲ. ಅಮ್ಮ ಹೋದಳು.

ಆಮೇಲೆ ನಾನು ತುಮಕೂರಿನ ಪಕ್ಕದ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಲ್ಯಾಬಿಗೆ ಸೇರಿದೆ. ಮೊದಲ ಮಳೆ ಬಿದ್ದ ವಾರದಲ್ಲಿ ಕಾಂಪೌಂಡಿನ ಬುಡದಲ್ಲಿ ಅದೇ ಗಿಡ ಚಿಗುರುತ್ತಿತ್ತು. ಪ್ರತಿ ವರ್ಷವೂ ನನಗೆ ಸಿಟ್ಟು ಬರುತ್ತಿತ್ತು. ಇದು ಬರುತ್ತದೆ, ಅಮ್ಮ ಯಾಕೆ ಬರುವುದಿಲ್ಲ ಅಂತ, ಹುಚ್ಚಿಯ ಹಾಗೆ, ಅಲ್ಲೇ ಟಿಫನ್ ಬಾಕ್ಸು ಹಿಡಿದು ನಿಲ್ಲುತ್ತಿದ್ದೆ.

ಹೀಗೇ ಒಂದು ಮಳೆಗಾಲ ದೊಡ್ಡಮ್ಮನನ್ನು ನೋಡಲು ಹೋದೆ. ವಯಸ್ಸಾಗಿ ಅವಳ ಕಣ್ಣು ಮಂಜಾಗಿತ್ತು. ನನ್ನ ಕೈ ಹಿಡಿದುಕೊಂಡು, ‘ಅವತ್ತು ನಿಮ್ಮಮ್ಮಂಗೆ ಒಂದು ಹೆಸ್ರು ಹೇಳಿದ್ಯಲ್ಲ, ಏನೇ ಅದು?’ ಅಂತ ಕೇಳಿದಳು.

‘ಮರ್ತೋಗದೆ ದೊಡ್ಡಮ್ಮ.’

ಅವಳು ನಕ್ಕಳು. ‘ನಿಮ್ಮಮ್ಮಂಗೂ ಹಿಂಗೇ ಸುಳ್ಳು ಹೇಳಕ್ಕೆ ಬರ್ತಿರ್ಲಿಲ್ಲ ಕಣೇ. ಆ ಸುಳ್ಳು ಕೇಳಕ್ಕೇ ನಾನು ಅಷ್ಟು ದೂರ ಬರ್ತಿದ್ದೆ.’