ಮಾವ ಬಾರದ ಮೊದಲ ತುತ್ತು

ಮಗಳು ಗುಬ್ಬಿಯ ಅಂಗೈ ಬೆಳ್ಳಗಿತ್ತು. ನನ್ನ ಬೆರಳು ಹಿಡಿದಾಗ ನೋಡಿದೆ, ಚೂರೂ ಕೆಂಪಿಲ್ಲ. ಹತ್ತು ತಿಂಗಳು ತುಂಬಿದರೂ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದಳು. ಅಳುವುದೂ ಕಡಿಮೆ. ಎಷ್ಟು ಒಳ್ಳೆಯ ಕೂಸು, ಕಾಡುವುದೇ ಇಲ್ಲ ಎಂದು ಬೀಗುತ್ತಿದ್ದೆ.

ಮಾನ್ವಿಯಿಂದ ಬಸ್ ಹತ್ತಿ ರಾಯಚೂರಿನ ಆಸ್ಪತ್ರೆಗೆ ಒಬ್ಬಳೇ ಹೋದೆ. ಗಂಡ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾರೆ, ಸುಗ್ಗಿಯಲ್ಲಿ ಮನೆಯಲ್ಲಿರುವುದಿಲ್ಲ. ಡಾಕ್ಟರಮ್ಮ ಕೂಸಿನ ಕಣ್ಣಿನ ರೆಪ್ಪೆ ಎಳೆದು ನೋಡಿದರು.

“ಏನು ಉಣಸ್ತೀರಿ?”

“ಎದಿಹಾಲು ರೀ.”

“ಮತ್ತ?”

“ಅಷ್ಟೇ ರೀ.”

“ಆರು ತಿಂಗಳಾದ ಮ್ಯಾಲ ಬರೇ ಹಾಲು ಸಾಲಂಗಿಲ್ಲವ್ವಾ. ಮೈಯಾಗ ರಕ್ತಾನ ಇಲ್ಲ. ಅಡ್ಮಿಟ್ ಮಾಡ್ಬೇಕು.”

ರಕ್ತ ಏರಿಸಬೇಕಂತೆ.

ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ನಮ್ಮ ತವರಿನಲ್ಲಿ ಕೂಸಿಗೆ ಮೊದಲ ತುತ್ತನ್ನು ಸೋದರಮಾವನೇ ತೊಡೆಯ ಮೇಲೆ ಕೂರಿಸಿಕೊಂಡು ಉಣಿಸಬೇಕು. ನನ್ನಣ್ಣ ದೇವದುರ್ಗದಲ್ಲಿದ್ದಾನೆ. ನಾನು ಮೆಚ್ಚಿದವರನ್ನು ಮದುವೆಯಾದಾಗಿನಿಂದ ಮಾತು ಬಿಟ್ಟಿದ್ದಾನೆ, ಫೋನ್ ಎತ್ತುವುದಿಲ್ಲ. ಈ ಕಾರ್ಯಕ್ಕಾದರೂ ಬಂದೇ ಬರುತ್ತಾನೆ ಎಂದು, ಅಮಾವಾಸ್ಯೆ ಕಳೆಯಲಿ, ಹಬ್ಬ ಮುಗಿಯಲಿ ಎಂದು ಮುಂದೂಡುತ್ತ ಬಂದೆ. ನನಗೆ ತವರು ಬೇಕಿತ್ತು. ಮಗಳಿಗೆ ಊಟ ಬೇಕಿತ್ತು.

ವಾರ್ಡಿನಲ್ಲಿ ಉಳಿದೆಲ್ಲ ಮಂಚಗಳ ಹತ್ತಿರ ಅತ್ತೆಯೋ ಅವ್ವನೋ ಇದ್ದರು. ನಾನು ಮುಖ ತೊಳೆಯಲು ಹೋಗಬೇಕೆಂದರೂ ಗುರುತಿಲ್ಲದವರ ಕೈಗೆ ಕೂಸನ್ನು ಕೊಡಬೇಕಿತ್ತು. ಯಾರೂ ಇಲ್ಲ ಎಂದರೆ ಏನೆಂದು ಅಲ್ಲಿ ತಿಳಿಯಿತು.

ರಕ್ತ ಏರಿಸಿದ ಮರುದಿನ ಸಿಸ್ಟರ್ ಮೆತ್ತಗೆ ಹಿಸುಕಿದ ಬೇಳೆ ಅನ್ನದ ಬಟ್ಟಲು ತಂದಿಟ್ಟರು. ನನ್ನ ಕಣ್ಣು ಬಾಗಿಲ ಕಡೆ ಹೋಯಿತು.

“ಯಾರಿಗಿ ಕಾಯಾಕತ್ತೀರಿ? ಆರಿ ಹೋಗ್ತದ, ಉಣಸ್ರಿ.”

ಗುಬ್ಬಿಯನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡೆ. ಮೊದಲ ತುತ್ತನ್ನು ನಾಲಗೆಯಿಂದ ಹೊರಗೆ ತಳ್ಳಿದಳು. ಮುಂದಿನದನ್ನೂ ತಳ್ಳಿದಳು. ನನಗೆ ಅಳು ಬಂತು. ಆಮೇಲಿನ ತುತ್ತಿಗೆ ಮುಖ ಸೊಟ್ಟ ಮಾಡಿ, ನನ್ನನ್ನೇ ನೋಡುತ್ತ ನುಂಗಿದಳು.

ನುಂಗಿದಳು.

ಈಗ ಮನೆಗೆ ಬಂದಿದ್ದೇವೆ. ಐರನ್ ಡ್ರಾಪ್ಸ್ ನಡೆದಿದೆ. ಗಂಜಿ, ಮೊಟ್ಟೆಯ ಹಳದಿ ಉಣ್ಣುತ್ತಾಳೆ, ಅರ್ಧ ನನ್ನ ಸೀರೆಗೆ. ಅಂಗೈ ಇನ್ನೂ ಪೂರ್ತಿ ಕೆಂಪಾಗಿಲ್ಲ, ಆದರೆ ಆನಿಕೆಯಿಲ್ಲದೆ ಕೂರುತ್ತಾಳೆ. ಸದ್ಯಕ್ಕೆ ಇಷ್ಟು ಸಾಕು.

ನಿನ್ನೆ ಅಣ್ಣನ ಫೋನ್ ಬಂತು. ಯಾರೋ ಹೇಳಿರಬೇಕು.

“ಕೂಸಿಗಿ ಉಣಸಾಕ ಬರ್ಲೇನವ್ವಾ?”

“ಉಣ್ಣೂದು ಸುರು ಆಗ್ಯದಣ್ಣಾ. ಸುಮ್ನ ನೋಡಾಕ ಬಾ.”

ಬರುತ್ತೇನೆ ಎಂದ. ಯಾವಾಗ ಎಂದು ಹೇಳಲಿಲ್ಲ. ಗುಬ್ಬಿಗೆ ಹಸಿವಾಗಿತ್ತು, ನಾನೂ ಕೇಳಲಿಲ್ಲ.