ಹೊತ್ತು ನೋಡುವ ಕೆಲಸ

ಮೊನ್ನೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ ಊಟದ ಡಬ್ಬಿ ಬಿಚ್ಚಿದರು. ಶೇಂಗಾ ಚಟ್ನಿಯ ವಾಸನೆ ಬಂತು, ಆದರೆ ಬೆಳ್ಳುಳ್ಳಿಯ ಘಾಟಿರಲಿಲ್ಲ. ನಮ್ಮ ಅಥಣಿ ಕಡೆ ಬೆಳ್ಳುಳ್ಳಿ ಇಲ್ಲದ್ದನ್ನು ಚಟ್ನಿ ಎಂದು ಒಪ್ಪುವವರು ಕಡಿಮೆ, ನಾನೂ ಒಪ್ಪಿದವನಲ್ಲ. ಆದರೂ ರೊಟ್ಟಿ ಹಿಡಿದ ಕೈ ಅಲ್ಲೇ ನಿಂತಿತು. ಸಾಹೇಬರ ಡಬ್ಬಿಯ ವಾಸನೆ ಅದು…

ನಾನು ಇಂಜಿನಿಯರ್ ಆದದ್ದು ಅರ್ಧ ಕಾಲೇಜಿನಲ್ಲಿ, ಅರ್ಧ ಕಬ್ಬಿನ ಗಾಣಗಳ ನಡುವೆ. ವಾರದಲ್ಲಿ ಎರಡು ದಿನ ಚಿಕ್ಕೋಡಿಯಲ್ಲಿ ಪಾಠ, ಉಳಿದ ದಿನ ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ. ಕೊನೆಗೆ ಎರಡೂ ಸೇರಿ ಒಂದು ಡಿಗ್ರಿ. ಈ ವ್ಯವಸ್ಥೆಯನ್ನು ಐಗಳಿಯ ನಮ್ಮ ಮನೆಯಲ್ಲಿ ಯಾರಿಗೂ ತಿಳಿಸಿ ಹೇಳಲು ನನ್ನಿಂದಾಗಲಿಲ್ಲ. ಮಗ ಕಲಿಯುತ್ತಾನೋ ದುಡಿಯುತ್ತಾನೋ ಎಂದು ಕೇಳಿದವರಿಗೆ, ಕುರಿ ಸಾಕುವ ನಮ್ಮಪ್ಪ, ಎರಡೂ ಪೂರಾ ಇಲ್ಲ ಎನ್ನುತ್ತಿದ್ದ. ಇದಕ್ಕಿಂತ ಖಚಿತವಾದ ವಿವರಣೆಯನ್ನು ನಾನು ಯಾವ ಸುತ್ತೋಲೆಯಲ್ಲೂ ಓದಿಲ್ಲ.

ಕಾರ್ಖಾನೆಯಲ್ಲಿ ನನ್ನನ್ನು ಒಪ್ಪಿಸಿದ್ದು ಗಾಣಗಳಿರುವ ಮಿಲ್ ಹೌಸಿನ ಪಾಳಿ ಇಂಜಿನಿಯರರ ಕೈಗೆ. ಎಲ್ಲರಿಗೂ ಅವರು ಸಾಹೇಬರು. ಶಿರಗುಪ್ಪಿಯ ಜೈನರು, ನಿವೃತ್ತಿಗೆ ಹತ್ತಿರವಾದವರು. ಹೊರಗಿನ ತಿಂಡಿ ಮುಟ್ಟುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಮಧ್ಯಾಹ್ನದ ಮೇಲಿನ ಪಾಳಿಯಲ್ಲಿ ಇದೇ ತೊಡಕು. ಕಬ್ಬು ಅರೆಯುವ ಹಂಗಾಮು ಚಳಿಗಾಲದ್ದು, ಸೂರ್ಯ ರಜೆ ಚೀಟಿ ಕೊಡದೆ ಬೇಗ ಮನೆಗೆ ಹೋಗುತ್ತಾನೆ. ಮಿಲ್ ಹೌಸಿನ ಒಳಗೋ, ಸದಾ ದೀಪದ ಬೆಳಕು. ಹೀಗಾಗಿ ಮೊದಲ ವಾರದಲ್ಲೇ ನನ್ನನ್ನು ಸೂರ್ಯನ ಮೇಲ್ವಿಚಾರಣೆಗೆ ನೇಮಿಸಲಾಯಿತು. ಕಬ್ಬಿನ ಯಾರ್ಡಿಗೆ ಹೋಗಿ ಪಡುವಣ ನೋಡಬೇಕು, ಬಂದು, "ಹೊತ್ತ ಇನ್ನೂ ಐತ್ರಿ ಸಾಹೇಬ್ರ" ಎಂದು ವರದಿ ಒಪ್ಪಿಸಬೇಕು. ಅವರು ಡಬ್ಬಿ ಬಿಚ್ಚುವರು. ಅವರ ಊಟ ಮುಗಿಯುವ ತನಕ ಗಾಣಗಳ ಮೇಲೆ ಕಣ್ಣು ನನ್ನದು. ಸೂರ್ಯಾಸ್ತದ ಸಮಯ ಫೋನಿನಲ್ಲೇ ಬರುತ್ತದಲ್ಲ ಎಂದು ಒಮ್ಮೆ ಕೇಳಿದೆ. ಹೊತ್ತನ್ನು ಫೋನಿಗೆ ಕೇಳುವವನು, ಬೇರಿಂಗ್ ಸುಟ್ಟು ಹೊಗೆ ಬಂದರೂ ಫೋನನ್ನೇ ಕೇಳುತ್ತಾನೆ ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಒಂದು ಸಂಜೆ ಊಟಕ್ಕೆ ತಡವಾಗಿ, ಸಾಹೇಬರು ಡಬ್ಬಿ ಬಿಚ್ಚುತ್ತಲೇ ನನ್ನನ್ನು ಹೊತ್ತು ನೋಡಲು ಕಳಿಸಿದರು. ಚಿಮಣಿಯ ಹೊಗೆ ಪಡುವಣಕ್ಕೆ ಹಬ್ಬಿತ್ತು. ಸೂರ್ಯ ಕಾಣಲಿಲ್ಲ. ಓಡಿ ಬಂದು ಮುಳುಗಿತು ಎಂದುಬಿಟ್ಟೆ. ಸಾಹೇಬರು ಆಗಷ್ಟೇ ಮೊದಲ ತುತ್ತು ನುಂಗಿದ್ದರು, ಡಬ್ಬಿ ಮುಚ್ಚಿದರು. ಅನುಮಾನ ಬಂದು ಮತ್ತೆ ಹೊರಗೆ ಹೋದರೆ, ಕಬ್ಬಿನ ಟ್ರಾಲಿಗಳ ಮೇಲೆ ಆ ಮಹಾಶಯ ಕೆಂಪಗೆ ಕೂತಿದ್ದಾನೆ. ಬಂದು ಹೇಳಿದೆ, ಬೇಡಿಕೊಂಡೆ. ಸಾಹೇಬರು ನಕ್ಕರು.

"ಮುಚ್ಚಿದ ಡಬ್ಬಿ ಮತ್ತ ತಗ್ಯೂದಿಲ್ಲ. ಇಂಜಿನಿಯರ್ ಆಗಾಂವ ಅದೀ, ರೀಡಿಂಗ್ ಎರಡ ಸಲ ನೋಡಬೇಕಲೇ."

ಮರುದಿನ ಬೆಳಗಿನ ತನಕ ಅವರು ಉಪವಾಸ. ಅಂದಿನಿಂದ ನಾನು ಸೂರ್ಯನನ್ನು ಎರಡು ಸಲ ನೋಡುತ್ತಿದ್ದೆ.

ಕಾಲೇಜಿನ ಗಣಿತ ಮಾತ್ರ ನನ್ನನ್ನು ಎಷ್ಟು ಸಲ ನೋಡಿದರೂ ಪಾಸು ಮಾಡಲಿಲ್ಲ. ಕೊನೆಗೆ ಉಳಿದದ್ದು ಅದೊಂದೇ ಪೇಪರು. ಎಲ್ಲ ಬಿಟ್ಟು ಅಪ್ಪನ ಕುರಿಗಳ ಹಿಂದೆ ಹೋಗುತ್ತೇನೆ ಎಂದ ದಿನ ಸಾಹೇಬರು ಮೊದಲು ತಮ್ಮ ಖಾಲಿ ಡಬ್ಬಿ ತೊಳೆದಿಟ್ಟರು. ಆಮೇಲೆ ಹೇಳಿದರು: "ಹೊರಗಿಂದ ನಾ ತಿನ್ನೂದಿಲ್ಲ, ನಿನಗ ಗೊತ್ತೈತಿ. ನೀ ಪಾಸಾಗಿ ಪೇಢೆ ತಂದ್ರ ತಿಂತೀನಿ. ಹೊತ್ತ ಇದ್ದಾಗ ತರಬೇಕ ಮತ್ತ."

ಜೀವಮಾನದ ನೇಮವನ್ನು ಒಂದು ಪೇಢೆಗಾಗಿ ಸಡಿಲ ಮಾಡಿದ್ದರು, ಅದೂ ನನ್ನಂಥವನಿಗಾಗಿ. ಇನ್ನು ಕುರಿಗಳ ಹಿಂದೆ ಹೋಗುವುದು ಹೇಗೆ? ಮತ್ತೆ ಪರೀಕ್ಷೆಗೆ ಕೂತೆ.

ಅಷ್ಟರಲ್ಲಿ ಸಾಹೇಬರು ನಿವೃತ್ತರಾದರು. ಹೊಟ್ಟೆಯ ಬೇನೆ ಎಂದು ಮಿರಜಕ್ಕೆ ಹೋಗಿ ಬಂದರು, ಮತ್ತೆ ಹೋದರು… ಡಾಕ್ಟರು ಕೈ ಚೆಲ್ಲಿದರು ಎಂಬ ಸುದ್ದಿ ಬಂತು. ನನ್ನ ಫಲಿತಾಂಶ ಮಾತ್ರ ಯಾವ ಅವಸರವೂ ಇಲ್ಲದೆ ಬಂತು. ಪಾಸಾಗಿದ್ದೆ. ಪೇಢೆಯ ಡಬ್ಬಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಬೈಕಿನ ಮೇಲೆ ಸೂರ್ಯನ ಜೊತೆ ಪಂದ್ಯ ಕಟ್ಟಿದವನ ಹಾಗೆ ಶಿರಗುಪ್ಪಿಗೆ ಹೋದೆ. ಪಂದ್ಯ ಗೆದ್ದೆ. ಅವರ ಅಂಗಳದಲ್ಲಿ ಇಳಿದಾಗ ಬಿಸಿಲು ಚೆನ್ನಾಗಿತ್ತು.

ಪಡಸಾಲೆಯಲ್ಲಿ ನಾಲ್ಕಾರು ಜನ ಕೂತು ಮೆಲುದನಿಯಲ್ಲಿ ಮಂತ್ರ ಹೇಳುತ್ತಿದ್ದರು. ಸಾಹೇಬರ ಮನೆಯವರು ಬಾಗಿಲಿಗೆ ಬಂದರು. ನಾನು ಅಂಗಿಯೊಳಗಿಂದ ತೆಗೆದ ಪೇಢೆಯ ಡಬ್ಬಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಸಲ್ಲೇಖನ ತಗೊಂಡಾರಪ್ಪ. ನಿನ್ನೆಯಿಂದ ಅನ್ನ ಬಿಟ್ಟಾರ."

ಅನ್ನ ಬಿಟ್ಟು ದೇಹ ಬಿಡುವ ವ್ರತ. ಅದರ ಮುಂದೆ ಯಾರೂ ಮಾತಾಡುವ ಹಾಗಿಲ್ಲ. ಒಳಗೆ ಹೋದೆ. ಚಾಪೆಯ ಮೇಲೆ ಸಾಹೇಬರು ಅರ್ಧಕ್ಕರ್ಧ ಆಗಿದ್ದರು. ಪಾಸಾದೆ ಎಂದೆ, ಕಣ್ಣು ಅರಳಿಸಿದರು. ಆಮೇಲೆ ನಾಲಿಗೆ ರೂಢಿಯ ಮಾತನ್ನೇ ಆಡಿಬಿಟ್ಟಿತು.

"ಹೊತ್ತ ಇನ್ನೂ ಐತ್ರಿ, ಸಾಹೇಬ್ರ."

ಅವರು ಕಿಟಕಿಯ ಕಡೆ ನೋಡಿದರು. "ಎರಡ ಸಲ ನೋಡಿದೇನಲೇ?"

"ನೋಡೀನ್ರಿ."

"ಹಂಗಾರ ನೀ ತಿನ್ನ. ನಾ ನೋಡ್ತೀನಿ."

ಅವರ ಎದುರಿಗೆ ಕೂತು ತಿಂದೆ. ಪೂರಾ ನುಂಗುವ ತನಕ ಅವರು ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ, ಗಾಣ ನೋಡುತ್ತಿದ್ದ ಹಾಗೆಯೇ… ಕೆಲವು ದಿನಗಳಲ್ಲಿ ಹೋದರು.

ಈಗ ಅದೇ ಪಾಳಿ ನನ್ನದು. ಮೊನ್ನೆ ಕ್ಯಾಂಟೀನಿನಲ್ಲಿ ರೊಟ್ಟಿ ಅಲ್ಲೇ ಬಿಟ್ಟು ಎದ್ದೆ. ಯಾರ್ಡಿಗೆ ಹೋಗಿ ಪಡುವಣ ನೋಡಿದೆ. ಟ್ರಾಲಿಗಳ ಮೇಲೆ ಸೂರ್ಯ ಇದ್ದ. ಇನ್ನೊಮ್ಮೆ ನೋಡಿದೆ. ವರದಿ ಒಪ್ಪಿಸಲು ಮಿಲ್ ಹೌಸಿನ ಬಾಗಿಲ ತನಕ ಬಂದ ಮೇಲೆಯೇ, ಒಳಗೆ ಯಾರೂ ಕಾಯುತ್ತಿಲ್ಲ ಎಂಬುದು ನೆನಪಾಯಿತು.